ತಿಪ್ಪ, ತಿಪ್ಪಾಜಿ, ತಿಪ್ಪೇಸ್ವಾಮಿ: ಒಂದು ಹೆಸರಿನ ಮೂಲವಿಚಾರ

ವಾಮನನ ‘ಕಾವ್ಯಾಲಂಕಾರಸೂತ್ರ’ಕ್ಕೆ ‘ಕಾಮಧೇನು’ ಎಂಬ ವ್ಯಾಖ್ಯಾನ ಬರೆದವನು ಸಾಳುವ ಮನೆತನದ ಗೋಪ ತಿಪ್ಪ. ಅಚ್ಚಾದ ಪ್ರತಿಗಳಲ್ಲಿ ಅವನು ‘ಗೋಪೇಂದ್ರ ತ್ರಿಪುರಹರ ಭೂಪಾಲ’ನಾಗಿದ್ದಾನೆ. ಇದೊಂದನ್ನೇ ಹಿಡಿದು, ತಿಪ್ಪ ಎಂಬುದು ತ್ರಿಪುರಹರದ ತದ್ಭವ, ಆದ್ದರಿಂದ ನಮ್ಮ ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿಗಳೆಲ್ಲ ಶಿವನ ಹೆಸರುಗಳೇ ಎಂದು ಸಾಧಿಸುವವರಿದ್ದಾರೆ. ಹೆಸರಿನಲ್ಲಿ ತಿಪ್ಪೆ ಇದೆ ಎನ್ನಲು ಮುಜುಗರಪಡುವವರಿಗೆ ಈ ವಾದ ಹಿತವಾಗಿದೆ. ಆದರೆ ಅದು ನಿಲ್ಲುವುದಿಲ್ಲ.

ಮೊದಲ ತೊಡಕು ತದ್ಭವದ್ದು. ತ್ರಿಪುರ ‘ತಿಪ್ಪುರ’ ಆಗಬಹುದು, ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ‘ಉರ’ವೂ ‘ಹರ’ವೂ ಒಟ್ಟಿಗೆ ಉದುರಿದ್ದು ಹೇಗೆ ಎಂಬುದಕ್ಕೆ ಈ ಪಕ್ಷದವರು ಉತ್ತರ ಕೊಡುವುದಿಲ್ಲ. ಕೂಗುವ ಹೆಸರು ಮೊಟಕಾಗುವುದು ಸಹಜ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಸಹಜವೇ ಹೌದು. ಆದರೆ ದೇಸಿ ಹೆಸರಿನ ಅರಸನಿಗೆ ಅವನ ಸಂಸ್ಕೃತ ಗ್ರಂಥದಲ್ಲಿ ಸಂಸ್ಕೃತದ ಉಡುಪು ತೊಡಿಸುವುದೂ ಅಷ್ಟೇ ಸಹಜ. ತಿಪ್ಪನಿಂದ ತ್ರಿಪುರಹರನೋ, ತ್ರಿಪುರಹರನಿಂದ ತಿಪ್ಪನೋ ಎಂದು ತೀರ್ಮಾನಿಸಲು ‘ಕಾಮಧೇನು’ ಒಂದೇ ಸಾಲದು. ಹೊರಗಿನ ಸಾಕ್ಷಿ ಬೇಕು.

ಆ ಸಾಕ್ಷಿ ತಿಪ್ಪಾಜಿ. ತುಳುವ ನರಸನಾಯಕನ ಪತ್ನಿ, ವೀರನರಸಿಂಹನ ತಾಯಿ. ನರಸನಾಯಕನ ಇನ್ನಿಬ್ಬರು ಪತ್ನಿಯರು ಕೃಷ್ಣದೇವರಾಯನನ್ನು ಹೆತ್ತ ನಾಗಲೆ, ಅಚ್ಯುತರಾಯನನ್ನು ಹೆತ್ತ ಓಬಾಂಬಿಕೆ. ಕೃಷ್ಣದೇವರಾಯನ ಶಾಸನಗಳ ವಂಶಾವಳಿಯಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ. ಅದು ತಿಪ್ಪಾಜಿಯನ್ನೂ ನಾಗಲೆಯನ್ನೂ ಕೌಸಲ್ಯೆ ಸುಮಿತ್ರೆಯರಿಗೆ, ಅವರ ಮಕ್ಕಳನ್ನು ರಾಮ ಲಕ್ಷ್ಮಣರಿಗೆ ಹೋಲಿಸುತ್ತದೆ. ನಮ್ಮ ವಿದ್ವಾಂಸರು ಈ ಶ್ಲೋಕವನ್ನು ರಾಜಕೀಯ ಇತಿಹಾಸಕ್ಕಾಗಿ ಓದಿದ್ದಾರೆಯೇ ಹೊರತು ಹೆಸರಿಗಾಗಿ ಓದಿದ್ದು ಕಡಿಮೆ. ರಾಣಿಯನ್ನು ಕೌಸಲ್ಯೆಯ ಪಕ್ಕದಲ್ಲಿ ಕೂರಿಸಲು ಹೊರಟ ಆಸ್ಥಾನಕವಿಗೆ ಆಕೆ ‘ತ್ರಿಪುರಾಂಬೆ’ ಎಂದು ಗೊತ್ತಿದ್ದರೆ ಹಾಗೆಂದು ಬರೆಯದೆ ಬಿಡುತ್ತಿದ್ದನೇ? ಅಷ್ಟು ಘನವಾದ ಸಂಸ್ಕೃತದ ನಡುವೆ ಅವನು ತಿಪ್ಪಾಜಿಯನ್ನು ತಿಪ್ಪಾಜಿಯಾಗಿಯೇ ಉಳಿಸಿದ್ದಾನೆ. ಆ ಹೆಸರಿನ ಹಿಂದೆ ಬೇರೊಂದು ಹೆಸರಿಲ್ಲ ಎಂದು ನಾನು ಓದುತ್ತೇನೆ.

ಹಾಗಾದರೆ ಹೆಸರು ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಬಾಣಂತಿಯರ ಕೋಣೆಯಲ್ಲಿದೆ. ಹುಟ್ಟಿದ ಕೂಸು ದಕ್ಕದ ಮನೆಯಲ್ಲಿ, ಮುಂದಿನದು ಹುಟ್ಟಿದಾಗ ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು. ಬೇರೆ ಹೆಂಗಸೊಬ್ಬಳು ಅದನ್ನು ಎತ್ತಿ ತರುವಳು. ಹೆತ್ತವಳು ಹಿಡಿ ತವುಡೋ ಪುಡಿಗಾಸೋ ಕೊಟ್ಟು ತನ್ನ ಕೂಸನ್ನೇ ‘ಕೊಂಡು’ ತಿಪ್ಪನೆಂದೋ ತಿಪ್ಪಮ್ಮನೆಂದೋ ಕರೆಯುವಳು. ಯಾರಿಗೂ ಬೇಡವಾದದ್ದು ಎಂದು ಸಾವು ಅದನ್ನು ಕಡೆಗಣಿಸಲಿ ಎಂಬುದು ಲೆಕ್ಕ. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ, ಅಲ್ಲಿ ಪೆಂಟಯ್ಯ, ಪೆಂಟಮ್ಮ ಇದ್ದಾರೆ. ತಮಿಳಿನ ಕುಪ್ಪೈ ಎಂದರೆ ಕಸ, ಅಲ್ಲಿ ಕುಪ್ಪುಸ್ವಾಮಿ, ಕುಪ್ಪಮ್ಮ. ಮೂರು ಭಾಷೆ, ಒಂದೇ ಆಚಾರ. ತ್ರಿಪುರಹರವಾದಿಗಳು ಈ ಪೆಂಟಯ್ಯನಿಗೂ ಕುಪ್ಪುಸ್ವಾಮಿಗೂ ಯಾವ ಸಂಸ್ಕೃತ ಮೂಲ ಕೊಡುತ್ತಾರೆ? ಇನ್ನು ಮುಜುಗರದ ಮಾತು. ದೀಪಾವಳಿಯ ಸಂಜೆ ತಿಪ್ಪೆಗೂ ದೀಪವಿಟ್ಟು ಕೈಮುಗಿಯುವ ಒಕ್ಕಲುಮಕ್ಕಳ ಸೀಮೆ ಇದು. ಇಲ್ಲಿ ತಿಪ್ಪೆ ಹೊಲದ ಸಿರಿ. ಅದನ್ನು ಹೇಸಿಗೆಯೆಂದು ಕಂಡದ್ದು ಓದು ಕಲಿತವರ ಕಣ್ಣು.

ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಗಳು ಈ ಹೆಸರಿನ ಮೂಲಪುರುಷರಲ್ಲ. ಅವರ ಕಾಲವನ್ನು ಹೇಗೆ ಎಣಿಸಿದರೂ ಗೋಪ ತಿಪ್ಪನಿಗಿಂತ ಈಚಿನದು. ಮೊದಲೇ ಮನೆಮನೆಯಲ್ಲಿದ್ದ ಹೆಸರು ಹಟ್ಟಿಯ ಗುರುಗಳಿಂದ ಪೂಜ್ಯವಾಯಿತು, ‘ಸ್ವಾಮಿ’ಯನ್ನೂ ‘ರುದ್ರ’ನನ್ನೂ ಕೂಡಿಸಿಕೊಂಡಿತು. ಕೆರೆ ಕಟ್ಟಿಸಿದ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಗುರುವಿನ ಮೇಲಿನ ಭಕ್ತಿ ದೊಡ್ಡದು. ಚಳ್ಳಕೆರೆಯಿಂದ ಹಿರಿಯೂರು, ಯಲ್ಲದಕೆರೆಯವರೆಗೆ ಜಾತಿಭೇದವಿಲ್ಲದೆ ಮಕ್ಕಳಿಗೆ ಈ ಹೆಸರಿಡುವುದು ಹರಕೆಯಿಂದ, ಸಾವಿನ ಭಯದಿಂದಲ್ಲ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದವರು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಯ ಕರ್ತೃ, 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಹೆಚ್. ತಿಪ್ಪೇರುದ್ರಸ್ವಾಮಿಯವರ ಹೆಸರಂತೂ ಗುರುಗಳದೇ.

ಕೊನೆಗೆ ಟಿಪ್ಪುವಿನ ಮಾತು. ಹೈದರಾಲಿ ಹಟ್ಟಿಗೆ ಹರಕೆ ಹೊತ್ತು ಮಗನಿಗೆ ಗುರುವಿನ ಹೆಸರಿಟ್ಟ ಎಂಬ ಕತೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರೀತಿಯಿಂದ ಹೇಳುವಂಥದು. ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಅದನ್ನು ಇತಿಹಾಸವೆಂದು ಅಚ್ಚುಹಾಕುವುದನ್ನು ಒಪ್ಪಲಾರೆ. ‘ಟಿಪ್ಪು’ವಿನದು ಟಕಾರ, ‘ತಿಪ್ಪೆ’ಯದು ತಕಾರ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅಳಿಸಿಹೋಗುವ ಈ ಭೇದ ಕನ್ನಡದ ಕಿವಿಗೂ ದಖ್ಖನಿಯ ಕಿವಿಗೂ ಸ್ಪಷ್ಟ. ದಖ್ಖನಿಯಲ್ಲಿ ತಕಾರ ಇದ್ದೇ ಇರುವಾಗ ಅದನ್ನು ಟಕಾರ ಮಾಡಿಕೊಳ್ಳುವ ಅಗತ್ಯವೇನಿತ್ತು? ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರೆಂಬ ಪರಂಪರೆಗೆ ಇಂಥ ತೊಡಕಿಲ್ಲ. ಹೈದರನ ತಂದೆ ಫತೇ ಮುಹಮ್ಮದ್ ಆರ್ಕಾಟಿನ ನವಾಬನ ಸೇವೆಯಲ್ಲಿದ್ದವನು. ಅವನು ಸಿರಾದಲ್ಲೂ ಸೇವೆ ಮಾಡಿದ್ದ, ಸಿರಾದಿಂದ ಹಟ್ಟಿ ದೂರವಲ್ಲ ಎಂಬುದು ನಿಜ. ಹಟ್ಟಿಯ ಪಕ್ಷಕ್ಕೆ ಇರುವ ಬಲ ಅಷ್ಟೇ. ಮಗು ದೇವನಹಳ್ಳಿಯಲ್ಲಿ ಹುಟ್ಟಿದ 1750ರಲ್ಲಿ ಹೈದರ್ ಮೈಸೂರಿನ ಸೈನ್ಯದ ಒಬ್ಬ ಅಧಿಕಾರಿ, ಹಟ್ಟಿಯ ಸೀಮೆ ಚಿತ್ರದುರ್ಗದ ನಾಯಕರದು. ದುರ್ಗ ಅವನ ಕೈವಶವಾದದ್ದು 1779ರಲ್ಲಿ.