ಲ್ಯಾಂಪೆಡೂಸಾ: ದೋಣಿಯಲ್ಲಿ ಬಂದವರೂ ದ್ವೀಪದ ಜನರೂ

ಇಟಲಿಗೆ ಸೇರಿದ ಲ್ಯಾಂಪೆಡೂಸಾ ದ್ವೀಪ ಭೂಪಟದಲ್ಲಿ ಆಫ್ರಿಕಕ್ಕೇ ಹತ್ತಿರ. ಟ್ಯುನಿಷಿಯಾದ ಕರಾವಳಿ ಇಲ್ಲಿಂದ ಸುಮಾರು 110 ಕಿ.ಮೀ.; ಸಿಸಿಲಿ 200 ಕಿ.ಮೀ.ಗೂ ಆಚೆ. ಸುಮಾರು 20 ಚದರ ಕಿ.ಮೀ. ವಿಸ್ತಾರ, ಆರು ಸಾವಿರದಷ್ಟು ಜನ, ಒಂದು ಪೇಟೆಬೀದಿ, ಒಂದು ಬಂದರು, ಒಂದು ಪುಟ್ಟ ವಿಮಾನ ನಿಲ್ದಾಣ, ಇಷ್ಟೇ ಊರು. ಉತ್ತರ ಆಫ್ರಿಕದಿಂದ ಸಣ್ಣ ದೋಣಿಗಳಲ್ಲಿ ಸಮುದ್ರ ದಾಟಿದ ಲಕ್ಷಾಂತರ ಜನ ಕಳೆದ ಮೂರು ದಶಕಗಳಲ್ಲಿ ಯುರೋಪಿನ ನೆಲಕ್ಕೆ ಮೊದಲು ಕಾಲಿಟ್ಟದ್ದು ಇಲ್ಲಿಯೇ. ಈ ದ್ವೀಪದವರನ್ನು ಹೊರಗಿನ ಪತ್ರಿಕೆಗಳು ಒಂದು ವರ್ಷ ಕರುಣಾಳುಗಳೆಂದು ಹೊಗಳಿದವು, ಇನ್ನೊಂದು ವರ್ಷ ವಲಸಿಗರನ್ನು ಕಂಡರಾಗದವರೆಂದು ತೆಗಳಿದವು. ಎರಡೂ ಅರ್ಧ ಮಾತು. ನೀರಿನಲ್ಲಿ ಮುಳುಗುತ್ತಿರುವವನ ಬಗ್ಗೆ ಇಲ್ಲಿನವರ ನಿಲುವು ಅಷ್ಟಾಗಿ ಬದಲಾಗಿಲ್ಲ. ಏರಿಳಿದದ್ದು ರೋಮ್ ಸರ್ಕಾರದ ಮೇಲೆ ಅವರಿಗಿದ್ದ ಭರವಸೆ.

ದ್ವೀಪದ ಇಂದಿನ ಜನವಸತಿಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ನೇಪಲ್ಸಿನ ಬೂರ್ಬನ್ ದೊರೆ ಎರಡನೆಯ ಫರ್ಡಿನೆಂಡ್ 1843ರಲ್ಲಿ ನೂರಿಪ್ಪತ್ತು ಮಂದಿಯನ್ನು ಕಳಿಸಿ ಇಲ್ಲಿ ಒಕ್ಕಲು ಕೂರಿಸಿದ. ಅದಕ್ಕೆ ಮೊದಲು ಇದು ಹಾದುಹೋಗುವ ಹಡಗುಗಳವರು ನೀರಿಗೂ ನೆರಳಿಗೂ ನಿಲ್ಲುತ್ತಿದ್ದ ಜಾಗ. ಪೋರ್ತೊ ಸಾಲ್ವೊ ಮಾತೆಯ ಗುಡಿಯಿರುವ ಕಣಿವೆಯ ಗುಹೆಯಲ್ಲಿ ಕ್ರೈಸ್ತ ನಾವಿಕರೂ ಮುಸ್ಲಿಂ ನಾವಿಕರೂ ಪ್ರಾರ್ಥನೆ ಸಲ್ಲಿಸಿ, ಮುಂದೆ ಬರುವ ಕಷ್ಟಸ್ಥರಿಗೆಂದು ಆಹಾರ, ಬಟ್ಟೆ ಇಟ್ಟು ಹೋಗುತ್ತಿದ್ದರೆಂದು ಹಳೆಯ ಪ್ರವಾಸಿಗಳು ಬರೆದಿದ್ದಾರೆ. ಇಟಲಿ ಒಂದಾದ ಮೇಲೆ, 1872ರಲ್ಲಿ, ಸರ್ಕಾರ ಕೈದಿಗಳ ವಸಾಹತನ್ನು ಇಲ್ಲಿ ತೆರೆಯಿತು. ಮುಂದಿನ ತಲೆಮಾರಿನವರು ಸ್ಪಂಜು ತೆಗೆದು, ಮೀನು ಹಿಡಿದು ಬದುಕಿದರು. 1986ರ ಏಪ್ರಿಲ್‌ನಲ್ಲಿ ಇಲ್ಲಿನ ಅಮೆರಿಕನ್ ರೇಡಿಯೊ ಕೇಂದ್ರಕ್ಕೆ ಗುರಿಯಿಟ್ಟು ಲಿಬಿಯಾ ಹಾರಿಸಿದ ಕ್ಷಿಪಣಿಗಳು ಸಮುದ್ರಕ್ಕೆ ಬಿದ್ದವು. ಆ ಸುದ್ದಿಯಿಂದಲೇ ಇಟಲಿಯ ಬಹುಪಾಲು ಜನಕ್ಕೆ ದ್ವೀಪದ ಹೆಸರು ತಿಳಿಯಿತು. ಪ್ರವಾಸಿಗಳು ಬರತೊಡಗಿದ್ದು ಆ ನಂತರ. ಮೀನುಗಾರರ ಮಕ್ಕಳು ಕೋಣೆ ಬಾಡಿಗೆಗೆ ಕೊಟ್ಟು, ದೋಣಿವಿಹಾರ ನಡೆಸಿ ಸಂಸಾರ ನಡೆಸುವವರಾದರು. ಮುಂದೆ ಎದ್ದ ಅಸಮಾಧಾನಕ್ಕೆ ಈ ಬದಲಾದ ಕಸುಬೂ ಒಂದು ಕಾರಣ.

1990ರ ಹೊತ್ತಿಗೆ ಇಟಲಿ ಟ್ಯುನಿಷಿಯಾದವರಿಗೆ ವೀಸಾ ಕಡ್ಡಾಯ ಮಾಡಿತು. ಟಿಕೆಟ್ ಕೊಂಡು ದೊಡ್ಡ ಹಡಗಿನಲ್ಲಿ ಬಂದು ಹೋಗುತ್ತಿದ್ದ ಕೂಲಿಕಾರರಿಗೆ ಆ ದಾರಿ ಮುಚ್ಚಿತು. ಉಳಿದದ್ದು ಮರದ ಮೀನುದೋಣಿ. ಆ ದಶಕದ ಆರಂಭದಲ್ಲಿ ಐದು, ಹತ್ತು ಜನ ಹೀಗೆ ದಡಕ್ಕೆ ಬಂದಾಗ ಮೊದಲು ಎದುರಾಗುತ್ತಿದ್ದವರು ಬಲೆ ತೊಳೆಯುತ್ತಿದ್ದವರು, ಹತ್ತಿರದ ಮನೆಯವರು. ಒಣಬಟ್ಟೆ, ಊಟ ಕೊಟ್ಟು, ಸಿಸಿಲಿಗೆ ಹೋಗುವ ಹಡಗು ತೋರಿಸುತ್ತಿದ್ದರು. 1998ರಲ್ಲಿ ವಿಮಾನ ನಿಲ್ದಾಣದ ಬಳಿ, ಬಂದವರನ್ನು ಇರಿಸುವ ಸರ್ಕಾರಿ ಕೇಂದ್ರ ತೆರೆಯಿತು. 2007ರಲ್ಲಿ ಅದು ಊರಿನಿಂದ ಮರೆಯಾಗಿರುವ ಕಾಂತ್ರಾದಾ ಇಂಬ್ರಿಯಾಕೊಲಾ ಕಣಿವೆಗೆ ಹೋಯಿತು. ಅಲ್ಲಿಂದಾಚೆಗೆ ಕೋಸ್ಟ್ ಗಾರ್ಡ್ ದೋಣಿಯಿಂದ ಇಳಿದವರು ಬಸ್ಸು ಹತ್ತಿ ನೇರ ಕೇಂದ್ರಕ್ಕೆ. ಮುಖ ನೋಡಿ ಊಟ ಕೊಟ್ಟ ಪರಿಚಯ ತಪ್ಪಿತು; ಊರಿನವರಿಗೆ ಉಳಿದದ್ದು ಪೊಲೀಸ್ ಜೀಪುಗಳ ಓಡಾಟ ಮತ್ತು ಟಿ.ವಿ. ಸುದ್ದಿ.

ಅದೇ 2007ರ ಆಗಸ್ಟ್‌ನಲ್ಲಿ 44 ಜನರನ್ನು ಸಮುದ್ರದಿಂದ ಕಾಪಾಡಿ ಲ್ಯಾಂಪೆಡೂಸಾಕ್ಕೆ ತಂದ ಏಳು ಮಂದಿ ಟ್ಯುನಿಷಿಯಾದ ಮೀನುಗಾರರನ್ನು ಪೊಲೀಸರು ಬಂಧಿಸಿದರು. ಆರೋಪ, ಅಕ್ರಮ ವಲಸೆಗೆ ನೆರವು. ಅವರ ದೋಣಿಗಳನ್ನೂ ಜಪ್ತಿ ಮಾಡಿದರು. ಆ ಕಳಂಕದಿಂದ ಅವರು ಪೂರ್ತಿ ಮುಕ್ತರಾಗಲು 2011ರವರೆಗೆ ಕಾಯಬೇಕಾಯಿತು. ಒಂದು ದೋಣಿಯನ್ನೇ ನಂಬಿದವನಿಗೆ ಜಪ್ತಿ ಎಂದರೆ ಏನೆಂದು ದ್ವೀಪದ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಪಾಡುವುದು ಸಮುದ್ರದವರ ಧರ್ಮ, ಕಾಪಾಡಿದವನಿಗೆ ಕೋರ್ಟು. ಈ ಪ್ರಕರಣ ಕೆಲವರ ಮನಸ್ಸಿನಲ್ಲಿ ಬಿತ್ತಿದ ಅಂಜಿಕೆ ವರ್ಷಗಟ್ಟಲೆ ಉಳಿಯಿತು.

ದ್ವೀಪದ ಸಿಟ್ಟು 2009ರ ಜನವರಿಯಲ್ಲಿ ಬೀದಿಗೆ ಬಂತು. ಬಂದವರನ್ನು ಮುಂದಕ್ಕೆ ಕಳಿಸದೆ ಇಲ್ಲಿಯೇ ಕೂಡಿಹಾಕಿ, ಇಲ್ಲಿಂದಲೇ ಅವರ ದೇಶಗಳಿಗೆ ವಾಪಸು ಅಟ್ಟುವ ಯೋಜನೆಯನ್ನು ಗೃಹಸಚಿವ ರೊಬೆರ್ತೊ ಮರೋನಿ ಮುಂದಿಟ್ಟರು. ಅಂಗಡಿ ಮುಂಗಟ್ಟು ಮುಚ್ಚಿ ಊರಿಗೆ ಊರೇ ಮೆರವಣಿಗೆ ಹೊರಟಿತು. ಅದೇ ದಿನಗಳಲ್ಲಿ ಕೇಂದ್ರದಲ್ಲಿದ್ದ ನೂರಾರು ವಲಸಿಗರು ಗೇಟು ದಾಟಿ ಪೇಟೆಗೆ ನಡೆದು ಬಂದಾಗ ಜನ ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಇಬ್ಬರಿಗೂ ಬೇಕಿದ್ದದ್ದು ಒಂದೇ: ಬಂದವರನ್ನು ಸಿಸಿಲಿಗೆ ಕಳಿಸಿಕೊಡಿ. ದ್ವೀಪವನ್ನು ಜೈಲು ಮಾಡಬೇಡಿ ಎಂಬ ಆ ಬೇಡಿಕೆಯಲ್ಲಿ ಕೈದಿಗಳ ವಸಾಹತಿನ ನೆನಪೂ ಸೇರಿತ್ತು. ಆದರೆ ಇದೇ ಊರಿನ ಉಪಮೇಯರ್ ಆಂಜೆಲಾ ಮಾರಾವೆಂತಾನೊ ವಲಸೆಯನ್ನು ಕಟುವಾಗಿ ವಿರೋಧಿಸುವ ಉತ್ತರದ ಲೀಗ್ ಪಕ್ಷದ ಸೆನೆಟ್ ಸದಸ್ಯೆಯಾಗಿದ್ದರು. ಒಂದೇ ಬೀದಿಯಲ್ಲಿ ಎರಡು ದನಿ ಆಗಲೂ ಇದ್ದವು.

2011 ಎಲ್ಲವನ್ನೂ ಒಂದೇ ವರ್ಷದಲ್ಲಿ ತೋರಿಸಿತು. ಟ್ಯುನಿಷಿಯಾದ ಆಳರಸ ಬೆನ್ ಅಲಿ ಜನವರಿಯಲ್ಲಿ ಓಡಿಹೋದ ಮೇಲೆ ಯುವಕರು ದೋಣಿ ಹತ್ತಿದರು. ಸರ್ಕಾರ ಅವರನ್ನು ಬೇಗ ಬೇಗ ಸಾಗಿಸಲಿಲ್ಲ. ಮಾರ್ಚ್ ಕೊನೆಗೆ ದ್ವೀಪದಲ್ಲಿ ಊರಿನವರಿಗಿಂತ ವಲಸಿಗರೇ ಹೆಚ್ಚಾದರು. ಬಂದರಿನ ಮೇಲಣ ಗುಡ್ಡದಲ್ಲಿ ಪ್ಲಾಸ್ಟಿಕ್ ಹಾಳೆ, ಕಂಬಳಿಗಳ ಗುಡಾರ ಕಟ್ಟಿಕೊಂಡು ಸಾವಿರಾರು ಜನ ಮಲಗಿದರು. ಶೌಚಕ್ಕೆ ಜಾಗವಿಲ್ಲ, ನೀರು ಸಾಲದು. ಆ ಗುಡ್ಡಕ್ಕೆ 'ನಾಚಿಕೆಗೇಡಿನ ಗುಡ್ಡ' ಎಂದೇ ಹೆಸರಾಯಿತು. ಹೆಂಗಸರು ಪಾಸ್ತಾ ಬೇಯಿಸಿ ಹಂಚಿದರು, ಗಂಡಂದಿರ ಹಳೆಯ ಜಾಕೆಟ್ಟುಗಳನ್ನು ಕೊಟ್ಟರು, ಸ್ನಾನಕ್ಕೆ ಮನೆಯ ಬಾಗಿಲು ತೆರೆದವರೂ ಇದ್ದರು. ಮೀನುಗಾರರು ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಬಂದರಿನ ಬಾಯಿ ಮುಚ್ಚಿದ್ದೂ ಆ ದಿನಗಳಲ್ಲೇ. ಮಾರ್ಚ್ 30ರಂದು ಪ್ರಧಾನಿ ಬೆರ್ಲುಸ್ಕೋನಿ ಬಂದು, ಎರಡು ಮೂರು ದಿನದಲ್ಲಿ ದ್ವೀಪ ಖಾಲಿ ಮಾಡಿಸುತ್ತೇನೆ, ಗಾಲ್ಫ್ ಮೈದಾನ ಮಾಡಿಸುತ್ತೇನೆ, ದ್ವೀಪಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಿಸಲು ಹೆಸರು ಸೂಚಿಸುತ್ತೇನೆ ಎಂದರು.

ಅದೇ ವರ್ಷದ ಮೇ 8ರ ನಸುಕಿನಲ್ಲಿ ಐನೂರಕ್ಕೂ ಹೆಚ್ಚು ಜನರಿದ್ದ ದೋಣಿ ಬಂದರಿನ ಹೊರಗೆ ಬಂಡೆಗೆ ಬಡಿಯಿತು. ಕೋಸ್ಟ್ ಗಾರ್ಡಿನವರು, ಪೊಲೀಸರು, ಊರಿನವರು ಕೈಗೆ ಕೈ ಕೂಡಿಸಿ ನೀರಿನಲ್ಲಿ ಸಾಲು ಕಟ್ಟಿ ಅವರನ್ನು ಎಳೆದುಕೊಂಡರು. ಸೆಪ್ಟೆಂಬರ್‌ನಲ್ಲಿ, ವಾಪಸು ಕಳಿಸುತ್ತಾರೆಂಬ ಭಯಕ್ಕೆ ಕೆಲವರು ಕೇಂದ್ರಕ್ಕೆ ಬೆಂಕಿ ಹಚ್ಚಿದಾಗ, ಮರುದಿನ ಪೆಟ್ರೋಲ್ ಬಂಕಿನ ಬಳಿ ಊರಿನ ಕೆಲವರು ಅವರ ಮೇಲೆ ಕಲ್ಲೆಸೆದರು. ನಡುವೆ ಹೋದದ್ದು ನಾಲ್ಕು ತಿಂಗಳು, ಜೊತೆಗೆ ಪ್ರವಾಸಿಗಳು ಬಾರದ ಒಂದು ಬೇಸಿಗೆ. ಕಲ್ಲೆಸೆದದ್ದನ್ನು ಸಮರ್ಥಿಸಲಾಗದು, ಆದರೆ ತಿಂಗಳುಗಟ್ಟಲೆ ಎರಡೂ ಕಡೆಯವರನ್ನು ಒಂದೇ ಇಕ್ಕಟ್ಟಿನಲ್ಲಿ ಬಿಟ್ಟವರ ಹೊಣೆ ಅದಕ್ಕಿಂತ ದೊಡ್ಡದು.

2012ರಲ್ಲಿ ಮೇಯರ್ ಆದ ಜೂಸಿ ನಿಕೊಲೀನಿ, ದ್ವೀಪದ ಸ್ಮಶಾನದಲ್ಲಿ ಇನ್ನೆಷ್ಟು ಜಾಗ ಮಾಡಬೇಕು ಎಂದು ಯುರೋಪನ್ನು ಕೇಳಿ ಬಹಿರಂಗ ಪತ್ರ ಬರೆದರು. ಪೋಪ್ ಫ್ರಾನ್ಸಿಸ್ ರೋಮ್‌ನ ಹೊರಗಿನ ತಮ್ಮ ಮೊದಲ ಪ್ರವಾಸಕ್ಕೆ ಆರಿಸಿಕೊಂಡದ್ದು ಈ ದ್ವೀಪವನ್ನು, 2013ರ ಜುಲೈ 8ರಂದು. ಮೂರು ತಿಂಗಳೂ ಕಳೆಯಲಿಲ್ಲ. ಅಕ್ಟೋಬರ್ 3ರ ಬೆಳಗಿನ ಜಾವ, ಲಿಬಿಯಾದಿಂದ ಹೊರಟು ದಡ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದ ದೋಣಿ ಮಗುಚಿತು. ಸತ್ತವರು 368, ಬದುಕಿದವರು 155, ಹೆಚ್ಚಿನವರು ಎರಿಟ್ರಿಯಾದವರು. ರಾತ್ರಿ ಮೀನು ಹಿಡಿಯಲೆಂದು ಗೆಳೆಯರೊಂದಿಗೆ ಹೋಗಿದ್ದ ವೀತೊ ಫಿಯೊರೀನೊ ಅವರ ಗುಂಪಿಗೆ ದೂರದಿಂದ ಕೇಳಿದ ಕೂಗು ಮೊದಲು ಕಡಲಹಕ್ಕಿಗಳದ್ದೆನಿಸಿತ್ತು. ಹತ್ತಿರ ಹೋದರೆ ಸಮುದ್ರದ ತುಂಬ ತಲೆಗಳು. ನೀರಿನ ಮೇಲೆ ಡೀಸೆಲ್ ಹರಡಿತ್ತು. ಹಿಡಿದ ಕೈ ಹಿಡಿದಂತೆಯೇ ಜಾರುತ್ತಿತ್ತು. ಹತ್ತು ಜನರಿಗೆ ಸಾಕಾಗುವ 'ಗಮಾರ್' ದೋಣಿಗೆ ಅವರು 47 ಜನರನ್ನು ಹತ್ತಿಸಿಕೊಂಡರು. ಬದುಕುಳಿದ ಹಲವರು ಇಂದಿಗೂ ಫಿಯೊರೀನೊ ಅವರನ್ನು ಅಪ್ಪ ಎಂದೇ ಕರೆಯುತ್ತಾರೆ.

ಶವಪೆಟ್ಟಿಗೆಗಳು ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಸಾಲಾಗಿ ನಿಂತವು. ಇಟಲಿಯ ಪ್ರಧಾನಿ ಎನ್ರಿಕೊ ಲೆತ್ತಾ, ಯುರೋಪಿಯನ್ ಆಯೋಗದ ಅಧ್ಯಕ್ಷ ಬಾರೊಸೊ ಬಂದಾಗ ಜನ 'ನಾಚಿಕೆಗೇಡು' ಎಂದು ಕೂಗಿದರು. ಸರ್ಕಾರಿ ಗೌರವದ ಅಂತ್ಯಸಂಸ್ಕಾರದ ಮಾತು ಕೊಟ್ಟಿದ್ದ ಸರ್ಕಾರ, ಹೆಣಗಳನ್ನು ಸಿಸಿಲಿಯ ಬೇರೆ ಬೇರೆ ಸ್ಮಶಾನಗಳಲ್ಲಿ ಹಂಚಿ ಹೂಳಿಸಿ, ಆಮೇಲೆ ಅಗ್ರಿಜೆಂತೊದಲ್ಲಿ ಒಂದು ಸಭೆ ಮಾಡಿ ಮುಗಿಸಿತು. ಬದುಕಿದವರ ಮೇಲೆ ಅಕ್ರಮ ಪ್ರವೇಶದ ತನಿಖೆ ಶುರುವಾಯಿತು. ಈ ನಡವಳಿಕೆಯನ್ನು ಅಲ್ಲಿನ ಜನ ಮರೆತಿಲ್ಲ. ಆ ಅಕ್ಟೋಬರ್‌ನಲ್ಲೇ ಆರಂಭವಾದ ನೌಕಾಪಡೆಯ 'ಮಾರೆ ನೋಸ್ತ್ರುಮ್' ರಕ್ಷಣಾ ಕಾರ್ಯಾಚರಣೆ ಒಂದು ವರ್ಷಕ್ಕೆ ನಿಂತಿತು.

ಬಳಿಕ ಹೊಗಳಿಕೆಯ ವರ್ಷಗಳು ಬಂದವು. ಜಾನ್‌ಫ್ರಾಂಕೊ ರೊಸಿಯ 'ಫ್ವೊಕೊಆಮಾರೆ' ಸಾಕ್ಷ್ಯಚಿತ್ರ 2016ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪಡೆಯಿತು. ಅದರಲ್ಲಿ ಕಾಣುವ ದ್ವೀಪದ ವೈದ್ಯ ಪಿಯೆತ್ರೊ ಬಾರ್ತೊಲೊ ಮುಂದೆ ಯುರೋಪಿಯನ್ ಸಂಸತ್ತಿಗೆ ಆರಿಸಿ ಬಂದರು. ನಿಕೊಲೀನಿಗೆ 2017ರಲ್ಲಿ ಯುನೆಸ್ಕೊ ಶಾಂತಿ ಪ್ರಶಸ್ತಿ ಬಂತು. ಅದೇ ವರ್ಷದ ಜೂನ್ ಚುನಾವಣೆಯಲ್ಲಿ ಅವರು ಸೋತು ಮೂರನೆಯ ಸ್ಥಾನಕ್ಕಿಳಿದರು; ಗೆದ್ದವರು ಸಾಲ್ವತೊರೆ ಮಾರ್ತೆಲ್ಲೊ. ಜಗತ್ತಿನ ಕ್ಯಾಮೆರಾಗಳಿಗೆ ಮೇಯರ್ ಸಿಗುತ್ತಾರೆ, ನಮಗೆ ನೀರು, ಕಸ, ಹಡಗಿನ ಸಮಯ ಯಾವುದೂ ಸರಿಯಾಗಿಲ್ಲ ಎಂಬ ದೂರು ಆ ಮತಗಳ ಹಿಂದಿತ್ತು. 2019ರ ಯುರೋಪಿಯನ್ ಚುನಾವಣೆಯಲ್ಲಿ ದ್ವೀಪದಲ್ಲಿ ಮೊದಲ ಸ್ಥಾನ, ವಲಸೆ ವಿರೋಧಿ ನಾಯಕ ಸಾಲ್ವೀನಿಯ ಲೀಗ್ ಪಕ್ಷಕ್ಕೆ ಸಿಕ್ಕಿತು. ವಲಸಿಗರ ವಿರುದ್ಧ ದ್ವೀಪ ತಿರುಗಿತು ಎಂದು ಹಲವರು ಬರೆದರು. ಮತಗಟ್ಟೆಗೆ ಹೋದವರು ನಾಲ್ವರಲ್ಲಿ ಒಬ್ಬರಷ್ಟೇ ಎಂಬುದನ್ನು ಬರೆದವರು ಕಡಿಮೆ. ಮರುತಿಂಗಳು ಕ್ಯಾಪ್ಟನ್ ಕರೋಲಾ ರಾಕೆಟೆ ಸರ್ಕಾರದ ನಿಷೇಧ ಮೀರಿ, ಸಮುದ್ರದಲ್ಲಿ ಕಾಪಾಡಿದ ವಲಸಿಗರಿದ್ದ 'ಸೀ-ವಾಚ್ 3' ಹಡಗನ್ನು ತಂದು ನಿಲ್ಲಿಸಿದಾಗ ಧಕ್ಕೆಯ ಮೇಲೆ ಒಂದು ಗುಂಪು ಚಪ್ಪಾಳೆ ತಟ್ಟಿತು, ಇನ್ನೊಂದು ಗುಂಪು ಬೈಗುಳ ಸುರಿಸಿತು. 2020ರ ಜೂನ್‌ನಲ್ಲಿ, ಶಿಲ್ಪಿ ಮಿಮ್ಮೊ ಪಲಾದೀನೊ 2008ರಲ್ಲಿ ಸಮುದ್ರದಂಚಿಗೆ ನಿಲ್ಲಿಸಿದ 'ಯುರೋಪಿನ ಬಾಗಿಲು' ಸ್ಮಾರಕಕ್ಕೆ ಯಾರೋ ಪ್ಲಾಸ್ಟಿಕ್ ಸುತ್ತಿ ಮುಚ್ಚಿದರು.

2023ರ ಸೆಪ್ಟೆಂಬರ್ ನಡುವಿನಲ್ಲಿ ಒಂದೆರಡು ದಿನದೊಳಗೆ ನೂರಕ್ಕೂ ಮೀರಿ ದೋಣಿಗಳಲ್ಲಿ ಏಳು ಸಾವಿರದಷ್ಟು ಜನ ಇಳಿದರು. ಕೇಂದ್ರದಲ್ಲಿದ್ದ ಜಾಗ ನಾನೂರು ಜನರಿಗೆ. ಮತ್ತೆ ಮನೆಗಳಿಂದ ಪಾತ್ರೆ ಪಾತ್ರೆ ಊಟ ಬೀದಿಗೆ ಬಂತು; ಹೋಟೆಲಿನವರು ಬೀದಿಯಲ್ಲಿ ಕೂತ ಹುಡುಗರಿಗೆ ತಿನ್ನಲು ಕೊಟ್ಟರು. ಹೊಸದಾಗಿ ಗುಡಾರಗಳ ಶಿಬಿರ ಹಾಕುತ್ತಾರೆಂಬ ಸುದ್ದಿ ಹಬ್ಬಿದೊಡನೆ ಅದೇ ಜನ ರಸ್ತೆಗಿಳಿದು ತಡೆದರು. 17ರಂದು ಪ್ರಧಾನಿ ಜೋರ್ಜಾ ಮೆಲೋನಿ ಮತ್ತು ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಬಂದಾಗ ಜನ ದಾರಿಗಡ್ಡ ನಿಂತು ತಮ್ಮ ಮಾತು ಕೇಳಿಸಿದರು. ಊಟ ಕೊಟ್ಟದ್ದನ್ನೂ ಶಿಬಿರ ತಡೆದದ್ದನ್ನೂ ಬೇರೆ ಬೇರೆ ಸುದ್ದಿಯಾಗಿ ಓದಿದವರಿಗೆ ಈ ದ್ವೀಪ ಅರ್ಥವಾಗದು.

ಇಂದಿಗೂ ಲ್ಯಾಂಪೆಡೂಸಾದಲ್ಲಿ ಆಸ್ಪತ್ರೆಯಿಲ್ಲ, ಇರುವುದು ಚಿಕಿತ್ಸಾಲಯವೊಂದೇ. ಹೆರಿಗೆಗೆ ಸಿಸಿಲಿಗೆ ಹೋಗಬೇಕು. ಹವೆ ಕೆಟ್ಟರೆ ಹಡಗೂ ಬರುವುದಿಲ್ಲ. ಬಂದವರನ್ನು ಸುರಕ್ಷಿತವಾಗಿ ದೊಡ್ಡ ನೆಲಕ್ಕೆ ದಾಟಿಸುವ ಹಡಗು, ಮುಳುಗಿದ ದೋಣಿಗಳಿಗೆ ಸಿಕ್ಕು ಹರಿದ ಬಲೆಗಳಿಗೆ ಪರಿಹಾರ, ತಮಗೊಂದು ಆಸ್ಪತ್ರೆ: ದ್ವೀಪದವರು ಮೇಯರ್ ಬದಲಾದಾಗಲೆಲ್ಲ ಕೇಳುತ್ತ ಬಂದದ್ದು ಇವನ್ನೇ. ಇವು ನ್ಯಾಯವಾದ ಬೇಡಿಕೆಗಳು. ಅವನ್ನು ಈಡೇರಿಸಲು ಒಬ್ಬ ವಲಸಿಗನನ್ನೂ ಸಮುದ್ರಕ್ಕೆ ಹಿಂದೆ ದೂಡಬೇಕಿಲ್ಲ.