ಮುಧೋಳದ ನಾಯಿ ಮತ್ತು ಕುರಿಹಟ್ಟಿ



ವಿಜಯಪುರವೆಂದೊಡನೆ ನಮ್ಮ ನೆನಪಿಗೆ ಬರುವುದು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಆದಿಲಶಾಹಿ ಅರಸರ ವೈಭವ. ಆದರೆ ನಗರದಿಂದ ಪಡುವಲಿಗೆ ತಿಕೋಟದ ಕಡೆಗೋ, ನೈಋತ್ಯಕ್ಕೆ ಬಬಲೇಶ್ವರದ ಕಡೆಗೋ ಹೊರಟರೆ, ಆ ಅರಸರಿಗಿಂತಲೂ ಹಳೆಯದಾದ ಬೇರೊಂದು ಬಾಳು ಕಣ್ಣಿಗೆ ಬೀಳುವುದು. ಸುಗ್ಗಿ ಮುಗಿದ ಎರೆಹೊಲದಲ್ಲಿ ಕುರಿಹಿಂಡು; ಕಂಬಳಿ ಹೊದ್ದ ಕುರುಬ; ತುಸು ದೂರದಲ್ಲಿ ತೆಳ್ಳಗೆ, ಎತ್ತರವಾಗಿ ನಿಂತ ಒಂದು ನಾಯಿ. ಆ ನಾಯಿಯ ಚರಿತ್ರೆಯೇ ಇಂದಿನ ವಿಷಯ.

ಲೋಕವು ಇದನ್ನು ಮುಧೋಳದ ನಾಯಿಯೆಂದು ಬಲ್ಲುದು. ಹಳ್ಳಿಗರು ಕಾರವಾನಿ ಎನ್ನುವರು. ಉದ್ದಗೂದಲಿನ ಬಗೆಗೆ ಪಶ್ಮಿ ಎಂದು ಹೆಸರು. ಮೈಕಟ್ಟಿನಲ್ಲಿ ಇದು ಪಾರಸಿಕ, ಅರಬ ದೇಶಗಳ ತಾಜಿ, ಸಲೂಕಿ ನಾಯಿಗಳನ್ನು ಹೋಲುತ್ತದೆ. ಆದಿಲಶಾಹಿಯ ಸರದಾರರಾಗಿದ್ದ ಘೋರ್ಪಡೆ ಮನೆತನದವರು ಮುಧೋಳವನ್ನು ಆಳಿದರು. ಆ ವಂಶದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಿತ್ತರು. 1948ರಲ್ಲಿ ಸಂಸ್ಥಾನವು ವಿಲೀನವಾಯಿತು, ನಾಯಿ ಉಳಿಯಿತು. ಅರಮನೆಯ ಹೆಸರು ಹೊತ್ತ ಈ ಪ್ರಾಣಿಗೆ ಅಂದೂ ಇಂದೂ ಅನ್ನವಿಕ್ಕಿದವರು ರೈತರು ಮತ್ತು ಕುರುಬರು.

ಇದರ ಸ್ವಭಾವವನ್ನು ಸರಿಯಾಗಿ ಅರಿಯಬೇಕು. ಸೀಮೆಯ ಕುರಿನಾಯಿಯಂತೆ ಹಿಂಡನ್ನು ಬಳಸಿ ಒಟ್ಟುಗೂಡಿಸುವ ವಿದ್ಯೆ ಇದಕ್ಕಿಲ್ಲ. ಇದು ಹುಟ್ಟಿನಿಂದ ಬೇಟೆಗಾರ. ಮೂಗಿಗಿಂತ ಕಣ್ಣನ್ನೇ ನಂಬುವುದು. ದೂರದ ತೋಳವನ್ನು ಕಂಡೊಡನೆ ಬೆನ್ನಟ್ಟುವ ಆ ಗುಣವನ್ನೇ ಕುರುಬನು ಕಾವಲಿಗೆ ತಿರುಗಿಸಿಕೊಂಡನು. ಮನೆಯವರಲ್ಲಿ ನಿಷ್ಠೆ, ಹೊಸಬರಲ್ಲಿ ಸಂಕೋಚ. ಅಪರಿಚಿತರು ಮೈ ಮುಟ್ಟಿದರೆ ಸಹಿಸದು.

ಪಾಲನೆಯೂ ಈ ಸ್ವಭಾವಕ್ಕೆ ತಕ್ಕುದಾಗಿರಬೇಕು. ಭುಜದೆತ್ತರ ಸುಮಾರು 70 ಸೆಂಟಿಮೀಟರ್ ಇದ್ದರೂ ಮೈಯಲ್ಲಿ ಕೊಬ್ಬು ಕಡಮೆ. ಪಕ್ಕೆಲುಬು ತೋರುವುದು ಉಪವಾಸದ ಗುರುತಲ್ಲ. ಮರುಕಪಟ್ಟು ಕೊಬ್ಬಿಸಿದರೆ ಓಟವೇ ಕೆಡುವುದು. ಜೋಳದ ನುಚ್ಚು, ಹಾಲು, ಆಗಾಗ ಮೊಟ್ಟೆ ಇದರ ರೂಢಿಯ ಆಹಾರ. ಗಿಡ್ಡಗೂದಲಿನದಾದ್ದರಿಂದ ಚಳಿಗೆ ಬೆಚ್ಚನೆಯ ಹಾಸಿಗೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ದಿನವೂ ಮನದಣಿಯೆ ಓಡಲು ಬಯಲು ಬೇಕು. ಸರಪಳಿಯಲ್ಲಿ ಬಿಗಿದ ಕಾರವಾನಿ ಒಂದೋ ಮಂಕಾಗುವುದು, ಇಲ್ಲವೇ ಮುನಿಯುವುದು.

ಮನ್ನಣೆಗೆ ಕೊರತೆಯಿಲ್ಲ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಭಾರತೀಯ ಸೈನ್ಯವು 2016ರಲ್ಲಿ ಮರಿಗಳನ್ನು ಕೊಂಡೊಯ್ದು ತರಬೇತಿಗೆ ತೊಡಗಿತು.

ಆದರೆ ತಿಕೋಟದ ಸುತ್ತ ಇಂದು ದ್ರಾಕ್ಷಿಯ ತೋಟಗಳು ಹಬ್ಬಿವೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಒಣಭೂಮಿಗೆ ನೀರು ಬಂದಿದೆ. ಬರದಲ್ಲಿ ಬೆಂದ ನಾಡಿಗೆ ಇದು ಸಂತೋಷದ ಸಂಗತಿಯೇ ಸರಿ. ಆದರೂ ಬೀಡುಹೊಲ ಕಡಮೆಯಾದಂತೆ ಹಿಂಡಿಗೆ ಎಡೆಯಿಲ್ಲ. ಹಿಂಡಿಲ್ಲದಲ್ಲಿ ಕಾವಲು ನಾಯಿಗೆ ಕೆಲಸವಿಲ್ಲ. ಕೇಂದ್ರಗಳು ಇದರ ರೂಪವನ್ನು ಕಾಯಬಲ್ಲವು. ಇದರ ಗುಣವನ್ನು ಕಾಯುವುದು ಹಟ್ಟಿ. ಆದುದರಿಂದ ನಗರವಾಸಿಗಳಾದ ನಾವು ಮರಿಯನ್ನು ಕೊಳ್ಳುವ ಮುನ್ನ, ಓಡಲು ನಮ್ಮಲ್ಲಿ ಬಯಲಿದೆಯೇ ಎಂದು ಕೇಳಿಕೊಳ್ಳೋಣ. ಕುರುಬನಿಗೆ ಮೇವಿನ ನೆಲ ಉಳಿಯಲೆಂದು ದನಿಗೂಡಿಸುವುದೇ ಈ ನಾಯಿಗೆ ನಾವು ಸಲ್ಲಿಸಬಹುದಾದ ನಿಜವಾದ ಆರೈಕೆ.