ವಿಶ್ವವಿದ್ಯಾಲಯದ ಉತ್ಸವವೂ ಊರಿನ ನುಡಿಯೂ

ನವೆಂಬರ್ ತಿಂಗಳು ಸಮೀಪಿಸಿತೆಂದರೆ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಉತ್ಸವದ ಸಿದ್ಧತೆ ಮೊದಲಾಗುತ್ತದೆ. ರಾಜ್ಯೋತ್ಸವ, ಉಪನ್ಯಾಸ, ನಾಟಕ, ಕವಿಗೋಷ್ಠಿ ಎಂದು ಕಾರ್ಯಕ್ರಮಗಳ ಪಟ್ಟಿ ಬೆಳೆಯುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವಂತೂ ತನ್ನ ಘಟಿಕೋತ್ಸವವನ್ನೇ ‘ನುಡಿಹಬ್ಬ’ವೆಂದು ಕರೆದಿದೆ. ಕಂಬಂ ಕಣಿವೆಯ ಗೂಡಲೂರಿನಲ್ಲಿ ಕುಳಿತು ಇಂತಹ ಪಟ್ಟಿಗಳನ್ನು ಓದುವಾಗ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಚಪ್ಪರ ಬಿಚ್ಚಿದ ಮೇಲೆ ಉಳಿಯುವುದೇನು? ಇದಕ್ಕೆ ಇತಿಹಾಸವೇ ಉತ್ತರ ಹೇಳಬಲ್ಲುದು.

ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾದುದು 1916ರಲ್ಲಿ. ಅಂದು ಉನ್ನತ ವ್ಯಾಸಂಗದ ಭಾಷೆ ಇಂಗ್ಲಿಷು. ಕನ್ನಡಕ್ಕೆ ದೊರೆತುದು ಒಂದು ಮೂಲೆ ಮಾತ್ರ. ಅಂತಹ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾದ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಕೊಂಡು ಕರ್ಣಾಟಕ ಸಂಘವನ್ನು ಕಟ್ಟಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಮುಂದೆ ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಸಭೆಗಳ ಭಾಷಣಗಳು ಗಾಳಿಯಲ್ಲಿ ಕರಗಿದುವು, ಪತ್ರಿಕೆ ಉಳಿಯಿತು. ಬಳಿಕ ವಿಶ್ವವಿದ್ಯಾಲಯದ ವಿದ್ವಾಂಸರು ಊರೂರಿಗೆ ಹೋಗಿ ಜನರಿಗೆ ತಿಳಿಯುವಂತೆ ಉಪನ್ಯಾಸ ಮಾಡಿದರು. ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ, ಕಾಲೇಜಿನ ಮೆಟ್ಟಿಲು ಹತ್ತಲಾರದವರ ಕೈಯನ್ನೂ ಸೇರಿದುವು. ಬಾಗಿಲಿಗೆ ಬಂದವರನ್ನು ಆದರಿಸುವುದು ಸೌಜನ್ಯ. ಬರಲಾರದವರ ಬಾಗಿಲಿಗೆ ಹೋಗುವುದು ವಿದ್ಯಾದಾನ.

ತಮಿಳುನಾಡಿನ ನೆಲದಲ್ಲಿಯೂ ಇಂತಹ ಕಾರ್ಯ ನಡೆದುದುಂಟು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾಲಯವು ಅದನ್ನು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಆ ನಿಘಂಟಿನಲ್ಲಿ ‘ಆವು’ ಎಂಬ ಹಳೆಯ ಮಾತೊಂದಿದೆ. ಹಸು ಎಂದು ಅದರ ಅರ್ಥ. ಹಳಗನ್ನಡದ ಪಾಠದಲ್ಲಿ ಮಾತ್ರ ಸಿಗುವ ಶಬ್ದವೆಂದು ಅನೇಕರು ಎಣಿಸಬಹುದು. ಆದರೆ ನಮ್ಮೂರಿಗೆ ಸಮೀಪದ ಕಂಬಂ ಪಟ್ಟಣದಲ್ಲಿ ಕನ್ನಡ ಮಾತನಾಡುವ ಒಕ್ಕಲಿಗರು ಕಾಪಾಡಿಕೊಂಡು ಬಂದ ದೇವರ ದನಗಳ ಹಿಂಡೊಂದುಂಟು. ತಮಿಳರು ಅದನ್ನು ‘ತಂಬಿರಾನ್ ಮಾಡು’ ಎನ್ನುತ್ತಾರೆ. ಒಕ್ಕಲಿಗರ ಬಾಯಲ್ಲಿ ಅದು ‘ದೇವರ ಆವು’, ಹಿಂಡಿನ ಮುಂದಾಳು ಹೋರಿ ‘ಪಟ್ಟದ ಆವು’ ಎಂಬುದನ್ನು 1906ರ ಮಧುರಾ ಜಿಲ್ಲಾ ಗ್ಯಾಸೆಟಿಯರ್ ದಾಖಲಿಸಿತು. ಕನ್ನಡ ಲಿಪಿಯ ಆಸರೆಯಿಲ್ಲದೆ ಈ ಮಾತು ಇಲ್ಲಿ ಬಾಳಿತು. ಅದನ್ನು ಕಾದವರು ಪಂಡಿತರಲ್ಲ, ದನ ಕಾಯುವವರು.

ಆದರೆ ಮಾತಿನ ಆಯುಷ್ಯ ಆಡುವವರ ಆಯುಷ್ಯದಷ್ಟೆ. ಇಲ್ಲಿಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಅಜ್ಜಿ ಆಡಿದ ಮಾತು ಮೊಮ್ಮಗನಿಗೆ ಅರ್ಥವಾಗುತ್ತದೆ. ಅವನು ಅದನ್ನು ಬರೆಯಲಾರ. ಅವನ ಮಗನಿಗೆ ಅರ್ಥವಾದರೂ ಆದೀತೆ?

ಆದುದರಿಂದ ಉತ್ಸವದ ಪಟ್ಟಿಯನ್ನು ಸಿದ್ಧಪಡಿಸುವವರಲ್ಲಿ ನನ್ನ ಬಿನ್ನಹವಿಷ್ಟೆ: ಒಂದು ದಿನವನ್ನು ಇಂತಹ ದೂರದ ಕನ್ನಡ ಮನೆಗಳಿಗೆ ಮೀಸಲಿಡಿರಿ, ಹಿರಿಯರನ್ನು ಕರೆದು ಕೂರಿಸಿ, ಅವರ ಮಾತನ್ನು ಬರೆದುಕೊಳ್ಳಿರಿ. ಉಪಾಧ್ಯಾಯ ಮಿತ್ರರೂ ವಿದ್ಯಾರ್ಥಿಗಳೂ ಅಷ್ಟು ಕಾಲ ಕಾಯಬೇಕಾಗಿಲ್ಲ. ಈ ಸಂಜೆಯೇ ಅಜ್ಜಿಯ ಬಳಿ ಕುಳಿತು ಹತ್ತು ಮಾತುಗಳನ್ನು ಬರೆದಿಡಬಹುದು. ಕನ್ನಡ ಅಕ್ಷರ ಬಾರದ ಮಗು ತಮಿಳು ಅಕ್ಷರದಲ್ಲಿಯೇ ಬರೆಯಲಿ. ಲಿಪಿಯನ್ನು ನಾಳೆ ಕಲಿಸಬಹುದು. ಹೋದ ಮಾತನ್ನು ಯಾವ ವಿಶ್ವವಿದ್ಯಾಲಯವೂ ತಂದುಕೊಡಲಾರದು.